ಗೇರು ಕಾಣದ ಗೇರ್ ಸೈಕಲ್

ನನಗೆ ಹಾರ್ಟ್ ಅಟ್ಯಾಕ್ ಆದದ್ದು ನನಗಿಂತ ಮೊದಲು ಊರಿಗೆ ಗೊತ್ತಾಯಿತು. ನಾನು ಅದನ್ನು ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸಿ, ಜಗಲಿಯಲ್ಲಿ ಕೂತು ಸೋಡಾ ಕುಡಿದು, ತೇಗು ಬರಲೆಂದು ಕಾಯುತ್ತಿದ್ದೆ. ನನ್ನ ಮುಖ ನೋಡಿದ ಹೆಂಡತಿ ಪಕ್ಕದ ಮನೆಯವರನ್ನು ಕೂಗಿದಳು. ಅವರ ಪಿಕಪ್ಪಿನಲ್ಲಿ ಮಡಿಕೇರಿ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ. ಮೈಸೂರಿನಲ್ಲಿ ಎದೆಯೊಳಗೆ ಒಂದು ಸ್ಟೆಂಟ್ ಕೂರಿಸಿ, ಇನ್ನು ನೀವು ಆರಾಮ ಎಂದು ಕಳಿಸಿದರು. ಊರಿಗೆ ಬಂದು ನೋಡಿದರೆ, ಆರಾಮವಾಗಿರುವುದೊಂದನ್ನು ಬಿಟ್ಟು ಬೇರೆ ಏನು ಮಾಡುವುದಕ್ಕೂ ನನಗೆ ಅನುಮತಿ ಇರಲಿಲ್ಲ.

ಮಡಿಕೇರಿ ಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಹೋಂಸ್ಟೇಗಳ ಬೋರ್ಡು, ಯಾರಾದರೂ ತೀರಿಕೊಂಡರೆ ಶ್ರದ್ಧಾಂಜಲಿಯ ಫ್ಲೆಕ್ಸು, ಇವೇ ನನ್ನ ಅನ್ನ. ಸುತ್ತಲಿನ ಮೂರು ನಾಲ್ಕು ಊರುಗಳ ಮದುವೆ ಸಾವುಗಳೆಲ್ಲ ನನ್ನ ಕೈಯಿಂದಲೇ ಹೊರಗೆ ಹೋಗಬೇಕು. ಹಾಗಾಗಿ ನನ್ನ ಎದೆನೋವು ಖಾಸಗಿ ವಿಷಯವಾಗಿ ಉಳಿಯಲಿಲ್ಲ. ಎರಡು ತಿಂಗಳ ಮೇಲೆ ಪ್ರೆಸ್ಸಿಗೆ ಹೋಗಿ ಕಂಪ್ಯೂಟರ್ ತೆರೆದರೆ, ನನ್ನದೊಂದು ಫೋಟೋ, ಯಾವುದೋ ಮದುವೆಯಲ್ಲಿ ನಗುತ್ತಿದ್ದಾಗ ತೆಗೆದದ್ದು, ಹಿನ್ನೆಲೆ ಅಳಿಸಿ, ಕಾಲರು ನೇರ ಮಾಡಿ, ದೊಡ್ಡ ಸೈಜಿನಲ್ಲಿ ಸಿದ್ಧವಾಗಿ ಕೂತಿತ್ತು. ನಮ್ಮ ಡಿಸೈನರನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು, "ಅರ್ಜೆಂಟಿಗೆ ಬೇಕಾದ್ರೆ ಅಂತ ಸಾರ್. ಆ ಟೈಮಲ್ಲಿ ಎಲ್ಲಿ ಹುಡುಕೋದು?" ಎಂದ. ಕೆಲಸದಲ್ಲಿ ಮುಂದಾಲೋಚನೆ ಬೇಕು ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ಫೋಟೋ ಚೆನ್ನಾಗಿ ಬಂದಿತ್ತು, ಅಳಿಸಲು ಮನಸ್ಸಾಗಲಿಲ್ಲ.

ಮನೆ ಇರುವುದು ಪೇಟೆಯಿಂದ ಐದಾರು ಕಿಲೋಮೀಟರ್ ಕೆಳಗೆ, ಕಾಫಿ ತೋಟಗಳ ನಡುವೆ ಸುತ್ತಿ ಸುತ್ತಿ ಇಳಿಯುವ ಹಳ್ಳಿ ರಸ್ತೆಯಲ್ಲಿ. ಮೊದಲೆಲ್ಲ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ಆಸ್ಪತ್ರೆಯಿಂದ ಬಂದ ದಿನವೇ ಹೆಂಡತಿ ಸ್ಕೂಟರಿನ ಕೀ ತೆಗೆದು ಎಲ್ಲೋ ಇಟ್ಟಳು. ದಾರಿಯಲ್ಲಿ ಎದೆ ಹಿಡಿದುಕೊಂಡರೆ ಎಂಬುದು ಅವಳ ಒಂದೇ ವಾದ. ಬೆಳಗ್ಗೆ ಪಕ್ಕದ ಮನೆಯ ಪಿಕಪ್ಪು ನನ್ನನ್ನು ಹೊತ್ತುಕೊಂಡು ಹೋಗಿ ಪ್ರೆಸ್ಸಿನ ಮುಂದೆ ಇಳಿಸುವುದು, ಸಂಜೆ ಈ ಕಡೆ ಬರುವ ಯಾರಾದರೂ ಎತ್ತಿಕೊಂಡು ಬಂದು ಮನೆಯಲ್ಲಿ ಒಪ್ಪಿಸುವುದು. ಒಪ್ಪಿಸುವವರು ಹೆಂಡತಿಗೆ ವರದಿಯನ್ನೂ ಕೊಡುತ್ತಿದ್ದರು: "ಇವತ್ತು ಸ್ವಲ್ಪ ಸುಸ್ತಾದ ಹಾಗೆ ಕಾಣ್ತಾರೆ." ಐವತ್ತೆರಡು ವರ್ಷದ ಗಂಡಸು ಕೊರಿಯರ್ ಪಾರ್ಸೆಲ್ ಆಗಿಬಿಟ್ಟಿದ್ದೆ. ಆಗ ನನಗೆ ಬೇಕೆನಿಸಿದ್ದು ಒಂದೇ. ಮನೆಯಿಂದ ಪ್ರೆಸ್ಸಿನವರೆಗೆ, ಆ ಏರನ್ನು ನನ್ನ ಕಾಲಿನಲ್ಲಿ ನಾನೇ ಹತ್ತಿ ಮುಟ್ಟಬೇಕು. ಮುಟ್ಟಿದರೆ ನಾನು ಮತ್ತೆ ಮನುಷ್ಯ, ಇಲ್ಲದಿದ್ದರೆ ಸಾಯುವವರೆಗೂ ಪೇಶೆಂಟ್. ಹಾಗೆಂದು ನನಗೆ ನಾನೇ ಷರತ್ತು ಹಾಕಿಕೊಂಡೆ.

ಮೈಸೂರಿನ ಡಾಕ್ಟರ್ ಮುಂದಿನ ಸಲ ನೋಡಿದಾಗ ಸೈಕಲ್ಲಿನ ಮಾತು ತೆಗೆದೆ. ಒಳ್ಳೆಯದೇ ಎಂದರು. ನಿಧಾನ ಶುರು ಮಾಡಿ, ಮೊದಲು ಸಮ ದಾರಿ, ಆಮೇಲೆ ಏರು. "ತುಳಿಯುವಾಗ ಮಾತಾಡ್ತಾ ಇರೋಕೆ ಆಗಬೇಕು. ಮಾತಾಡೋಕೆ ಉಸಿರು ಸಾಲ್ತಿಲ್ಲ ಅಂದ್ರೆ ಜಾಸ್ತಿ ಆಯ್ತು ಅಂತ ಅರ್ಥ, ನಿಲ್ಲಿಸಿಬಿಡಿ." ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಒಬ್ಬನೇ ಹೋಗುವಾಗ ಯಾರ ಹತ್ತಿರ ಮಾತಾಡುವುದು ಎಂದು ನಾನು ಕೇಳಿದೆ. ಹಾಡು ಹೇಳಿಕೊಳ್ಳಿ, ಶ್ಲೋಕ ಹೇಳಿಕೊಳ್ಳಿ ಎಂದರು ಡಾಕ್ಟರ್. ನನಗೆ ಹಾಡೂ ಬಾರದು, ಶ್ಲೋಕವೂ ಬಾರದು. ಬಾಯಿಪಾಠ ಇರುವುದು ಲಗ್ನಪತ್ರಿಕೆಯ ಒಕ್ಕಣೆ ಒಂದೇ.

ಮನೆಗೆ ಬಂದವನು ಸೈಕಲ್ ಹುಡುಕಲು ಕೂತೆ. ಮಗಳಿಗೆ ವರ ಹುಡುಕಿದವರೂ ಇಷ್ಟು ವಿಚಾರಿಸಿರಲಾರರು. ಮೊಬೈಲಿನಲ್ಲಿ ಯಾವ ಯಾವುದೋ ದೇಶದವರು ಸೈಕಲ್ ಬಿಚ್ಚಿ ಕಟ್ಟುವುದನ್ನು ನೋಡಿದೆ. ಗೇರಿಲ್ಲದ ಸೈಕಲ್ ನಮ್ಮ ರಸ್ತೆಗೆ ಆಗದ ಮಾತು, ಅದನ್ನು ಏರಿನಲ್ಲಿ ತಳ್ಳಿಕೊಂಡು ಹೋಗುವುದಾದರೆ ಸೈಕಲ್ ಯಾಕೆ? ಸಾಮಾನ್ಯ ಗೇರ್ ಸೈಕಲ್ಲಿನಲ್ಲಿ ಹಿಂದಿನ ಚಕ್ರದ ಪಕ್ಕ ಏಳೆಂಟು ಹಲ್ಲುಚಕ್ರಗಳು ಹೊರಗೇ ಇರುತ್ತವೆ. ಗೇರ್ ಬದಲಿಸಿದರೆ ಚೈನು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಹಾರಬೇಕಾದರೆ ಪೆಡಲ್ ತಿರುಗುತ್ತಲೇ ಇರಬೇಕು. ಏರಿನ ನಡುವೆ ಉಸಿರು ಸಾಲದೆ ನಿಂತುಬಿಟ್ಟವನು ನಿಂತ ಗೇರಿನಲ್ಲೇ ಸಿಕ್ಕಿಕೊಳ್ಳುತ್ತಾನೆ. ಅದೂ ಅಲ್ಲದೆ, ನಮ್ಮ ಮಳೆಗಾಲದ ಕೆಸರು ಆ ಹಲ್ಲುಗಳ ಸಂದಿಯಲ್ಲಿ ಕೂತರೆ ವಾರಕ್ಕೊಮ್ಮೆ ಹಲ್ಲುಜ್ಜಿಸಬೇಕು.

ಮೂರನೆಯ ಜಾತಿಯದು ಕಣ್ಣಿಗೆ ಬಿದ್ದದ್ದು ಆಗ. ಅದರಲ್ಲಿ ಗೇರುಗಳೆಲ್ಲ ಹಿಂದಿನ ಚಕ್ರದ ನಡುವಿನ ಡಬ್ಬಿಯೊಳಗೆ, ಅಂದರೆ ಹಬ್ಬಿನೊಳಗೆ, ಮುಚ್ಚಿಕೊಂಡು ಇರುತ್ತವೆ. ಹೊರಗೆ ಒಂದೇ ಹಲ್ಲುಚಕ್ರ, ಒಂದೇ ಚೈನು, ಚೈನಿಗೆ ಪೂರ್ತಿ ಕವರು. ಮಳೆ, ಕೆಸರು ಒಳಗೆ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ನಿಂತಲ್ಲೇ ಗೇರ್ ಬದಲಿಸಬಹುದು. ಏರಿನಲ್ಲಿ ಸೋತು ನಿಂತೆ ಅನ್ನಿ, ಹ್ಯಾಂಡಲಿನ ಹಿಡಿಯನ್ನು ಒಂದನೇ ಗೇರಿಗೆ ತಿರುಗಿಸಿ, ಸುಧಾರಿಸಿಕೊಂಡು, ಮತ್ತೆ ಹಗುರವಾಗಿ ಹೊರಡಬಹುದು. ಸೋತವನನ್ನು ಗಮನದಲ್ಲಿಟ್ಟುಕೊಂಡು ಯಾರೋ ಪುಣ್ಯಾತ್ಮ ಮಾಡಿದ ಯಂತ್ರ ಇದು ಎಂದು ನನಗೆ ಅನಿಸಿತು. ತೂಕ ಜಾಸ್ತಿ, ಹಿಂದಿನ ಚಕ್ರ ಪಂಕ್ಚರ್ ಆದರೆ ಬಿಚ್ಚುವುದು ತಾಪತ್ರಯ ಎಂದೂ ವೀಡಿಯೋದವರು ಹೇಳಿದರು. ಮನಸ್ಸು ಕೂತ ಮೇಲೆ ದೋಷ ಯಾರಿಗೆ ಕಾಣುತ್ತದೆ?

ಹೆಂಡತಿಗೆ ಕಾಣುತ್ತದೆ. ಅವಳ ತವರು ಭಾಗಮಂಡಲದ ಕಡೆ, ಅರೆಭಾಷೆಯವರು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಮನೆಯಲ್ಲಿ ನಮ್ಮದು ಎರಡೂ ಕಲಸಿದ ಭಾಷೆ. ಆದರೆ ಅವಳು ನಿಜವಾಗಿ ಬೇಡ ಅನ್ನಬೇಕಾದಾಗ 'ಬೇಡ' ಅನ್ನುವುದಿಲ್ಲ, ತವರಿನ ಮಾತಿನಲ್ಲಿ 'ಬೊತ್ತು' ಅನ್ನುತ್ತಾಳೆ. ಬೇಡ ಎಂದದ್ದನ್ನು ಮಾತಾಡಿ ಸರಿ ಮಾಡಬಹುದು. ಬೊತ್ತು ಎಂದಮೇಲೆ ಮುಗಿಯಿತು.

"ಸೈಕಲ್ ಬೊತ್ತು," ಎಂದಳು.

ಡಾಕ್ಟರೇ ಹೇಳಿದ್ದಾರಲ್ಲ ಎಂದೆ. ಹಾಗಾದರೆ ಬ್ಯಾಟರಿ ಸೈಕಲ್ ತಗೊಳ್ಳಿ ಎಂದಳು. ಎದೆಯೊಳಗೆ ಒಂದು ಸಾಮಾನು ಹಾಕಿಸಿಕೊಂಡಿದ್ದೇನೆ, ಕಾಲಿಗೂ ಒಂದು ಹಾಕಿಸಿಕೊಳ್ಳಲಾರೆ ಎಂದು ನಾನು ಸಿಡುಕಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದು ತಿಂಗಳು ಹೀಗೇ ನಡೆಯಿತು. ಕೊನೆಗೆ ಜೀವಮಾನದಲ್ಲಿ ಮೊದಲ ಸಲ ಬೊತ್ತು ಎಂಬುದನ್ನು ಮೀರಿ, ಮೈಸೂರಿನ ಅಂಗಡಿಯೊಂದಕ್ಕೆ ಹೇಳಿ ತರಿಸಿದೆ. ಅಂಗಡಿಯವರು ನಮ್ಮ ರಸ್ತೆಯ ವರ್ಣನೆ ಕೇಳಿ, ಎಂಟು ಗೇರಿನದೇ ಇರಲಿ, ಮುಂದಿನ ಹಲ್ಲುಚಕ್ರ ಚಿಕ್ಕದು ಹಾಕಿಕೊಡುತ್ತೇನೆ ಎಂದರು. "ಒಂದನೇ ಗೇರಲ್ಲಿ ತುಂಬಾ ನಿಧಾನ ಹೋಗುತ್ತೆ ಸಾರ್, ನಡೆದ ಹಾಗೇ," ಎಂದು ಎಚ್ಚರಿಸಿದರು. ನಾನು ಸ್ಪರ್ಧೆಗೆ ಹೋಗುವವನಲ್ಲ ಎಂದೆ.

ಸೈಕಲ್ ಬಂದ ದಿನ ಅಂಗಳದಲ್ಲಿ ಹತ್ತು ಜನ ಸೇರಿದರು. ಪಕ್ಕದ ಮನೆಯ ಪಿಕಪ್ಪಿನವರು ಕುಕ್ಕರುಗಾಲಿನಲ್ಲಿ ಕೂತು ಹಿಂದಿನ ಚಕ್ರವನ್ನು ಒಳ್ಳೆ ಹೋರಿ ಕೊಳ್ಳುವವರ ಹಾಗೆ ಎರಡೂ ಕಡೆಯಿಂದ ನೋಡಿದರು.

"ಗೇರ್ ಎಲ್ಲಿ ಉಂಟು?"

"ಒಳಗೆ."

"ಒಳಗೆ ಅಂದ್ರೆ?"

"ಆ ಡಬ್ಬಿ ಒಳಗೆ. ಎಂಟು ಗೇರ್."

ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಹೆಂಡತಿಯ ಮುಖ ನೋಡಿದರು. "ತೊಂದರೆ ಇಲ್ಲ ಬಿಡಿ," ಎಂದರು ಮೆಲ್ಲನೆ, ಮನೆಯಲ್ಲಿ ಸಾವಾದವರಿಗೆ ಹೇಳುವ ದನಿಯಲ್ಲಿ. ಮರುದಿನವೇ ಸುದ್ದಿ ಪೇಟೆ ಮುಟ್ಟಿತು: ಪ್ರೆಸ್ಸಿನವರು ಗೇರ್ ಸೈಕಲ್ ಅಂತ ದುಡ್ಡು ಕೊಟ್ಟರಂತೆ, ಮೈಸೂರಿನವರು ಗೇರಿಲ್ಲದ್ದು ಕೊಟ್ಟು ಕಳಿಸಿದ್ದಾರಂತೆ, ಪಾಪ, ಹುಷಾರಿಲ್ಲದವರು. ಯೋಚಿಸಿ ನೋಡಿದರೆ ಅವರದೂ ತಪ್ಪಲ್ಲ. ಒಂದೇ ವರ್ಷದಲ್ಲಿ ನಾನು ಮೈಸೂರಿನಿಂದ ಎರಡು ಸಾಮಾನು ತಂದಿದ್ದೆ, ಎರಡೂ ಒಳಗೆ ಇವೆ ಎಂದು ಅಲ್ಲಿನವರು ಹೇಳಿದ್ದರು, ಎರಡನ್ನೂ ನಾನು ಕಣ್ಣಿನಿಂದ ನೋಡಿರಲಿಲ್ಲ. ಸ್ಟೆಂಟನ್ನು ನಂಬಿದ ಊರು ಗೇರನ್ನು ನಂಬಲಿಲ್ಲ, ಅಷ್ಟೇ.

ಮನೆಯ ಹತ್ತಿರದ ಸಮ ದಾರಿಯಲ್ಲಿ ಕೆಲವು ವಾರ ತುಳಿದೆ. ಸಣ್ಣ ದಿಬ್ಬಗಳನ್ನು ಹತ್ತಿ ಇಳಿದೆ. ಲಗ್ನಪತ್ರಿಕೆ ಉಸಿರಿಗೆ ತಕ್ಕಂತೆ ಸರಾಗವಾಗಿ ಬರುತ್ತಿತ್ತು. ಇನ್ನು ಪ್ರೆಸ್ಸಿಗೆ ಹೋಗಬಹುದು ಎಂದು ಒಂದು ಬೆಳಗ್ಗೆ ಹೆಲ್ಮೆಟ್ ಹಾಕಿ ಹೊರಟೆ. ಏರು ಶುರುವಾಗಿ ಮೊದಲ ತಿರುವು ಕೂಡ ದಾಟಿರಲಿಲ್ಲ, ಹಿಂದಿನಿಂದ ಹಾರ್ನ್ ಕೇಳಿತು. ಪಕ್ಕದ ಮನೆಯ ಪಿಕಪ್ಪು.

"ಎಂತಾಯ್ತು?"

"ಎಂತದೂ ಆಗಿಲ್ಲ. ಹೋಗ್ತಾ ಇದ್ದೇನೆ."

"ನಾನೂ ಹೋಗ್ತಾ ಇದ್ದೇನಲ್ಲ ಮಾರಾಯ್ರೆ, ಹತ್ತಿ," ಎಂದವರೇ ಇಳಿದು, ನನ್ನ ಕಾಲು ನೆಲಕ್ಕೆ ತಾಗುವ ಮೊದಲೇ ಸೈಕಲ್ಲನ್ನು ಎತ್ತಿ ಕಾಫಿ ಮೂಟೆಗಳ ಮೇಲೆ ಅಡ್ಡ ಮಲಗಿಸಿದರು.

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ನಮ್ಮ ಕಡೆ ದಾರಿಯಲ್ಲಿ ಪರಿಚಯದವರನ್ನು ಕಂಡೂ ಗಾಡಿ ನಿಲ್ಲಿಸದೆ ಹೋದರೆ, ಮುಂದಿನ ಮದುವೆಯಲ್ಲಿ ಅವರ ಎದುರು ಕೂತು ಪಂದಿ ಕರಿ ತಿನ್ನುವ ಮುಖ ಇರುವುದಿಲ್ಲ. ನಿಲ್ಲಿಸಿದವರ ಗಾಡಿ ಹತ್ತದೆ ಹೋದರೆ ಅದಕ್ಕಿಂತ ದೊಡ್ಡ ಅಪರಾಧ. ಬಸ್ಸು ಕಡಿಮೆ ಇರುವ ಈ ಬೆಟ್ಟದಲ್ಲಿ ಜನ ಜನಕ್ಕೆ ಆಗುವುದು ಹೀಗೆಯೇ ಎಂದು ನನಗೆ ಗೊತ್ತು, ನಾನೇ ಸ್ಕೂಟರಿನ ಹಿಂದೆ ಎಷ್ಟೋ ಜನರನ್ನು ಕೂರಿಸಿಕೊಂಡವನು. ಆದರೂ ಎರಡನೆಯ ದಿನ ಧೈರ್ಯ ಮಾಡಿ, ಬೇಡ, ನಾನು ತುಳಿದೇ ಬರುತ್ತೇನೆ ಎಂದು ಪಿಕಪ್ಪಿನವರಿಗೆ ಹೇಳಿದೆ. ಅವರು ಗಾಡಿ ಬಿಟ್ಟುಕೊಂಡು ಹೋದರು, ಮುಂದಿನ ತಿರುವಿನಲ್ಲಿ ಇನ್ನೊಂದು ಜೀಪು ನನ್ನನ್ನು ಎತ್ತಿಕೊಂಡಿತು. ಸಂಜೆ ಸ್ತ್ರೀಶಕ್ತಿ ಸಂಘದ ಮೀಟಿಂಗಿನಲ್ಲಿ ಅವರ ಹೆಂಡತಿ ನನ್ನ ಹೆಂಡತಿಯನ್ನು ಕೇಳಿದರಂತೆ: "ನಿಮ್ಮವರಿಗೆ ನಮ್ಮ ಮೇಲೆ ಎಂತ ಬೇಜಾರು? ಅವತ್ತು ಆಸ್ಪತ್ರೆಗೆ ನಮ್ಮ ಗಾಡಿಯಲ್ಲೇ ಅಲ್ವಾ ಹೋದದ್ದು?" ಮೂರನೆಯ ದಿನ ನಾನು ಹಾರ್ನಿಗೂ ಕಾಯದೆ ನಿಂತು, ಬಾಗಿಲು ತೆಗೆದು ಹತ್ತಿ ಕೂತೆ.

ಪಿಕಪ್ಪು ಇಲ್ಲದ ದಿನ ಜೀಪು. ಜೀಪು ಇಲ್ಲದ ದಿನ ಗ್ಯಾಸ್ ಸಿಲಿಂಡರಿನ ಆಟೋ. ಒಮ್ಮೆ ಹೋಂಸ್ಟೇಗೆ ಬಂದ ಬೆಂಗಳೂರಿನ ಅಪರಿಚಿತರು ಕೂಡ ಕಾರು ನಿಲ್ಲಿಸಿದರು. ಎರಡು ದಿನಕ್ಕೇ ಅವರಿಗೂ ಈ ನೀರಿನ ಗುಣ ಹತ್ತಿತ್ತು. ನನ್ನ ಸೈಕಲ್ಲಿನ ನಿಜವಾದ ದೊಡ್ಡಸ್ತಿಕೆ ತಿಳಿದದ್ದು ಈ ಪ್ರಯಾಣಗಳಲ್ಲಿ. ಹೊರಗೆ ಗೇರ್ ಇರುವ ಸೈಕಲ್ಲಾಗಿದ್ದರೆ ಮೂಟೆ, ಸಿಲಿಂಡರ್, ಹುಲ್ಲು ಕತ್ತರಿಸುವ ಮೆಷಿನ್ನುಗಳ ನಡುವೆ ಬಿದ್ದು ಅದರ ಮೂಳೆ ಎಂದೋ ಬಗ್ಗಿರುತ್ತಿತ್ತು. ಇದಕ್ಕೆ ಏನೂ ಆಗಲಿಲ್ಲ. ಪರರ ಗಾಡಿಯಲ್ಲಿ ಮಲಗಿಕೊಂಡು ಹೋಗುವುದಕ್ಕೆ ಲೋಕದಲ್ಲಿ ಇದಕ್ಕಿಂತ ಯೋಗ್ಯ ಸೈಕಲ್ ಇಲ್ಲ ಎಂದು ಯಾರು ಬೇಕಾದರೂ ಬಂದು ಕೇಳಲಿ, ಹೇಳುತ್ತೇನೆ. ಇಳಿಜಾರಿನಲ್ಲಿ ಸಂಜೆ ತುಳಿಯದೆ ಬರುತ್ತಿದ್ದೆ, ಏರಿನಲ್ಲಿ ಬೆಳಗ್ಗೆ ತುಳಿಯದೆ ಹೋಗುತ್ತಿದ್ದೆ. ಎಂಟು ಗೇರುಗಳಲ್ಲಿ ಒಂದನೆಯದನ್ನು ಒಂದು ದಿನವೂ ಬಳಸಿರಲಿಲ್ಲ.

ಆದರೆ ನನಗೆ ಒಳಗೊಳಗೇ ಅನುಮಾನ ಬರತೊಡಗಿತು. ಸೌಜನ್ಯಕ್ಕೂ ಒಂದು ಮಿತಿ ಇರುತ್ತದೆ, ಇಷ್ಟು ಕರಾರುವಾಕ್ಕಾಗಿ ಅದು ನಡೆಯುವುದಿಲ್ಲ. ಬೇಗ ಹೊರಟರೂ ಗಾಡಿ, ತಡವಾಗಿ ಹೊರಟರೂ ಗಾಡಿ. ಒಂದು ದಿನ ಬೇಕೆಂದೇ ಹನ್ನೊಂದು ಗಂಟೆಗೆ ಹೊರಟೆ, ಆ ಹೊತ್ತಿನಲ್ಲಿ ನಮ್ಮ ರಸ್ತೆಯಲ್ಲಿ ದನ ಬಿಟ್ಟರೆ ಯಾರೂ ಇರುವುದಿಲ್ಲ. ಎರಡನೆಯ ತಿರುವಿನಲ್ಲಿ, ಅಲ್ಲಿನ ಎಸ್ಟೇಟಿನ ಲೆಕ್ಕ ನೋಡುವ ರೈಟರು ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದರು.

"ನಿಮ್ಗೆ ಪೇಟೆಗೆ ಹೋಗ್ಲಿಕ್ಕೆ ಉಂಟಾ ಇವತ್ತು?" ಎಂದೆ.

"ಇಲ್ಲ ಇಲ್ಲ. ಹಾಂ, ಉಂಟು ಉಂಟು," ಎಂದರು ಅವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳದೆಯೇ ಮುಂದುವರಿಸಿದರು: "ನಿಮ್ಮನೆ ಅಕ್ಕ ಎಂತ ನನಗೆ ಫೋನ್ ಮಾಡಿದ್ದಲ್ಲ. ಪಿಕಪ್ಪಿನವರಿಗೇ ಮಾಡಿದ್ದು. ಅವರು ಸುಂಟಿಕೊಪ್ಪದಲ್ಲಿ ಇದ್ದಾರೆ ಅಂತ ನನಗೆ ಹೇಳಿದ್ರು."

ನಾನು ಜೀಪು ಹತ್ತಲಿಲ್ಲ. ಸೈಕಲ್ ತಿರುಗಿಸಿ ಮನೆಗೆ ಬಂದೆ. ಅಂದು ಹೆಂಡತಿಗೆ ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಒಳ್ಳೆ ಕಾಗದ ಹಾಳು. ನನ್ನನ್ನು ನೋಡಿ ಊರೆಲ್ಲ ನಗುವಂತೆ ನೀನು ಮಾಡಿದೆ ಎಂದೆ, ಹೀಗೆ ಬದುಕುವುದಕ್ಕಿಂತ ಆ ಫೋಟೋ ಪ್ರಿಂಟ್ ಹಾಕಿಸುವುದೇ ಮೇಲು ಎಂದೆ. ಅವಳು ಅಡುಗೆಮನೆಯಲ್ಲಿ ಅಕ್ಕಿ ತರಿ ಜರಡಿ ಹಿಡಿಯುತ್ತಿದ್ದಳು. ಜರಡಿ ನಿಲ್ಲಿಸಿದಳು.

"ಆಂಬುಲೆನ್ಸಲ್ಲಿ ನೀವು ಮಲಗಿದ್ರಿ. ನಾನು ಕೂತಿದ್ದೆ," ಎಂದಳು.

ಆ ಪ್ರಯಾಣದ ಬಗ್ಗೆ ಅವಳು ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ.

"ಕುಶಾಲನಗರ ದಾಟುವವರೆಗೆ ನೀವು ಮಾತಾಡ್ತಾ ಇದ್ರಿ. ಯಾರದೋ ಮದುವೆ ಕಾರ್ಡು ಶುಕ್ರವಾರ ಕೊಡ್ಬೇಕು, ಪ್ರೂಫ್ ನೋಡಿಲ್ಲ ಅಂತ. ನನಗೆ ಸಿಟ್ಟು ಬಂತು, ಸುಮ್ನಿರಿ ಅಂದೆ. ಸುಮ್ನಾದ್ರಿ. ಆಮೇಲೆ ಎಷ್ಟು ಕರೆದ್ರೂ ಮಾತಾಡ್ಲಿಲ್ಲ. ಮೈಸೂರಿನವರೆಗೂ."

ಮತ್ತೆ ಜರಡಿ ಹಿಡಿಯತೊಡಗಿದಳು. ನನಗೆ ಆ ಪ್ರಯಾಣವೆಂದರೆ ಒಂದು ನಿದ್ದೆ ಅಷ್ಟೇ ಆಗಿತ್ತು. ಅವಳ ಮೇಲಿನ ಸಿಟ್ಟು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ, ಸಿಟ್ಟಿನ ಜೊತೆಗೆ ಇನ್ನೊಂದು ಸಂಕಟ ಬಂದು ಕೂತಿತು. ಮರುದಿನದಿಂದ ಸೈಕಲ್ಲಿಗೆ ಗೋಣಿಚೀಲ ಹೊದಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿದೆ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ನನ್ನ ಜಾಗ ನನಗಾಗಿಯೇ ಇತ್ತು.

ಜುಲೈಯಲ್ಲಿ ಮಳೆ ಹಿಡಿಯಿತು. ನಾಲ್ಕು ದಿನ ಬಿಡದೆ ಸುರಿದು, ಐದನೆಯ ಬೆಳಗ್ಗೆ ನಮ್ಮ ರಸ್ತೆಯಲ್ಲಿ ಬರೆ ಜರಿಯಿತು. ಗುಡ್ಡದ ಅಂಚು ಒಂದು ಬದಿಯಿಂದ ಕುಸಿದು, ಮಣ್ಣು ಮರ ಎಲ್ಲ ಅರ್ಧ ರಸ್ತೆಗೆ ಬಂದು ಕೂತಿತ್ತು. ಗಾಡಿಗಳನ್ನು ಬಿಡುವುದಿಲ್ಲ ಎಂದು ಅಡ್ಡಗಟ್ಟೆ ಇಟ್ಟರು. ಮೇಲಿನಿಂದಲೂ ಬಂದ್, ಕೆಳಗಿನಿಂದಲೂ ಬಂದ್, ನಡೆದು ಹೋಗುವವರು ಮಾತ್ರ ಪಕ್ಕದಲ್ಲಿ ದಾಟಬಹುದು. ಪ್ರೆಸ್ಸಿನಲ್ಲಿ ಅಂದು ಒಂದು ಮದುವೆಯ ಕಾರ್ಡು ಮಷೀನಿಗೆ ಹೋಗಬೇಕಿತ್ತು. ಆ ಮಳೆಗೆ ನೆಟ್‌ವರ್ಕೂ ಸತ್ತಿತ್ತು. ಬೆಳಗ್ಗೆ ಹತ್ತಕ್ಕೆ ಮಳೆ ನಿಂತು ಹೊಳವಾಯಿತು. ನಾನು ಕೊಟ್ಟಿಗೆಗೆ ಹೋಗಿ ಗೋಣಿ ತೆಗೆದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಬೊತ್ತು ಅನ್ನಲಿಲ್ಲ. ಫೋನ್ ಮಾಡಲು ಗಾಡಿಯವರು ಯಾರೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಹೋಗಿ ಬರುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳೋ ಇಲ್ಲವೋ, ನೋಡುವ ಧೈರ್ಯ ಸಾಲದೆ ಹೊರಟೆ.

ಅಡ್ಡಗಟ್ಟೆಯ ಹತ್ತಿರ ರೇನ್‌ಕೋಟ್ ಹಾಕಿದ ಹೋಂಗಾರ್ಡ್ ಒಬ್ಬರು ಕೈ ಅಡ್ಡ ಹಿಡಿದರು. "ಗಾಡಿ ಬಿಡುದಿಲ್ಲ."

"ಇದು ಗಾಡಿ ಅಲ್ಲ, ಸೈಕಲ್."

ಅವರಿಗೆ ಇಂಥ ಸಂದರ್ಭ ಹೊಸದು. ಸುತ್ತ ಬಂದು ನೋಡಿದರು. "ಗೇರ್ ಉಂಟಾ?"

ನಾನು ಉತ್ತರ ಹೇಳುವ ಮೊದಲು ಅವರೇ ಬಗ್ಗಿ ಹಿಂದಿನ ಚಕ್ರ ನೋಡಿದರು. "ಗೇರಿಲ್ಲ. ಹೋಗಿ, ಹೋಗಿ, ಈ ಬದಿಯಲ್ಲಿ ತಳ್ಳಿಕೊಂಡು ಹೋಗಿ," ಎಂದರು. ಊರಿನ ಅಪನಂಬಿಕೆಯಿಂದ ನನಗೆ ಆದ ಲಾಭ ಅದೊಂದೇ. ಬಾಯಿ ಮುಚ್ಚಿಕೊಂಡು ದಾಟಿದೆ.

ದಾಟಿದ ಮೇಲೆ ರಸ್ತೆ ಪೂರ್ತಿ ನನ್ನದು. ಹಾರ್ನಿಲ್ಲ, ಎಂಜಿನ್ನಿಲ್ಲ, ಬರೆಯಿಂದ ನೀರು ಒಸರಿ ಚರಂಡಿಗೆ ಬೀಳುವ ಸದ್ದು ಮಾತ್ರ. ಸೈಕಲ್ ಹತ್ತಿ ಮೂರನೇ ಗೇರಿನಲ್ಲಿ ಶುರು ಮಾಡಿದೆ. ಡಾಕ್ಟರು ಹೇಳಿದಂತೆ ಮಾತೂ ಶುರುವಾಯಿತು. "ಮಾನ್ಯರೇ," ಎಂದು ಗಟ್ಟಿಯಾಗಿ ಹೇಳಿದೆ. ಕೇಳುವವರು ಯಾರೂ ಇಲ್ಲದ ಕಾರಣ ನಾಚಿಕೆ ಇರಲಿಲ್ಲ. "ಶ್ರೀ ಕುಲದೇವತಾ ಅನುಗ್ರಹದಿಂದ ನಮ್ಮ ಜ್ಯೇಷ್ಠ ಪುತ್ರಿಯ ವಿವಾಹ ಮಹೋತ್ಸವವನ್ನು ಗುರುಹಿರಿಯರು ನಿಶ್ಚಯಿಸಿರುವುದರಿಂದ…" ಒಂದು ಪತ್ರಿಕೆ ಮುಗಿಯುವಷ್ಟರಲ್ಲಿ ಮೊದಲ ತಿರುವು ದಾಟಿತು. ದ್ವಿತೀಯ ಪುತ್ರನ ಮದುವೆಗೆ ಎರಡನೆಯದು. ಎದೆಯ ಕಡೆ ಗಮನ ಇಟ್ಟೇ ಇದ್ದೆ. ಅದು ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು, ಅವಸರ ಮಾಡಲಿಲ್ಲ. ಎಷ್ಟೋ ತಿಂಗಳ ಮೇಲೆ ನನಗೆ ಖುಷಿಯಾಯಿತು. ಖುಷಿಯ ಹಿಂದೆಯೇ, ನೋಡಿ, ಇನ್ನೊಂದು ಯೋಚನೆ ಬಂತು: ಇಷ್ಟೆಲ್ಲ ಹತ್ತಿದ್ದಕ್ಕೆ ಒಬ್ಬ ಸಾಕ್ಷಿಯೂ ಇಲ್ಲವಲ್ಲ! ಇಷ್ಟು ದಿನ ಯಾರೂ ಬರಬಾರದೆಂದು ಹಲ್ಲು ಕಡಿದವನು ಈಗ ಪಿಕಪ್ಪಿನವರಾದರೂ ಬಂದು ನೋಡಬಾರದೇ ಎಂದು ಬಯಸುತ್ತಿದ್ದೆ.

ಮೂರನೆಯ ತಿರುವಿನಲ್ಲಿ ರಸ್ತೆ ನಿಜವಾಗಿ ಮೇಲೆದ್ದು ನಿಲ್ಲುತ್ತದೆ. "ಈ ಶುಭ ಸಮಾರಂಭಕ್ಕೆ ತಾವು…" ಎನ್ನುವಾಗ ಉಸಿರು ತುಂಡಾಯಿತು. ಜಾಸ್ತಿ ಆಯ್ತು ಅಂತ ಅರ್ಥ. ತಕ್ಷಣ ನಿಲ್ಲಿಸಿದೆ. ಒಂದು ಕಾಲು ನೆಲಕ್ಕೆ ಊರಿ, ಹಿಡಿಯನ್ನು ತಿರುಗಿಸಿದೆ. ಹಬ್ಬಿನೊಳಗೆ ಟಿಕ್ ಎಂದು ಒಂದು ಸಣ್ಣ ಸದ್ದು, ಇನ್ನೊಂದು ಸಣ್ಣ ಸದ್ದು. ಒಂದನೇ ಗೇರು. ಆ ಕಾಣದ ಡಬ್ಬಿ ಕೊನೆಗೂ ತನ್ನ ಮಾತು ಉಳಿಸಿಕೊಂಡಿತ್ತು. ಉಸಿರು ಸಮಕ್ಕೆ ಬರಲೆಂದು ಸುಮ್ಮನೆ ನಿಂತೆ.

ಆಗ ಕೆಳಗಿನಿಂದ ಹೆಜ್ಜೆ ಕೇಳಿತು. ನಡೆಯುವ ಹೆಜ್ಜೆಯಲ್ಲ, ಓಡುವ ಹೆಜ್ಜೆ. ತಿರುವಿನಾಚೆಯಿಂದ ಮೊದಲು ಕೊಡೆ ಕಂಡಿತು, ಮುಚ್ಚಿದ ಕೊಡೆ, ಆಮೇಲೆ ಅದನ್ನು ಹಿಡಿದ ನನ್ನ ಹೆಂಡತಿ. ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿದ್ದಳು, ಚಪ್ಪಲಿ ತುಂಬ ಬರೆಯ ಕೆಂಪು ಮಣ್ಣು. ನಾನು ನಿಂತಿರುವುದನ್ನು, ಬಿದ್ದಿಲ್ಲ ಎಂಬುದನ್ನು, ನೋಡಿ ಅವಳೂ ಗಕ್ಕನೆ ನಿಂತಳು.

"ಎಲ್ಲಿಗೆ?" ಎಂದೆ.

ಅವಳಿಗೆ ಮಾತು ಹೊರಡಲಿಲ್ಲ. ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದಳು. ಡಾಕ್ಟರ ಲೆಕ್ಕದಲ್ಲಿ ನೋಡಿದರೆ ನಿಲ್ಲಿಸಬೇಕಾದವಳು ಅವಳು. ಸ್ವಲ್ಪ ಹೊತ್ತಾದ ಮೇಲೆ, "ಸಂತೆಗೆ," ಎಂದಳು.

ಸಂತೆ ಶುಕ್ರವಾರ. ಅಂದು ಬುಧವಾರ. ಕೈಯಲ್ಲಿ ಸಂತೆಯ ಚೀಲವೂ ಇರಲಿಲ್ಲ. ಕೊಡೆ ಹಿಡಿಯದ ಕೈಯ ಮುಷ್ಟಿಯನ್ನು ನೋಡಿದೆ. ನಾಲಿಗೆಯ ಕೆಳಗೆ ಇಡುವ ನನ್ನ ಮಾತ್ರೆಯ ಪಟ್ಟಿ ಅಲ್ಲಿತ್ತು.

"ಮನೆಯಿಂದಲೇ ಹಿಂದೆ ಬಂದೆಯಾ?"

"ಬಂದೆ. ಕಾಣದ ಹಾಗೇ ಬರ್ತಿದ್ದೆ. ನಿಮ್ಮ ಮದುವೆ ಕಾಗದ ಮೇಲಿಂದ ಕೇಳ್ತಾ ಇತ್ತು. ಕೇಳ್ತಾ ಇದ್ದರೆ ಸಾಕು ಅಂತ…" ಎಂದವಳು ಮತ್ತೆ ಉಸಿರು ಎಳೆದುಕೊಂಡಳು. "ಈಗ ಮಾತು ನಿಂತಿತಲ್ಲ."

ನನ್ನ ಜೀವಮಾನದಲ್ಲಿ ಮುದ್ರಿಸಿದ ಲಗ್ನಪತ್ರಿಕೆಗಳನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿರಲಿಕ್ಕಿಲ್ಲ. ನಿನ್ನ ಜೊತೆ ನಡೆದುಕೊಂಡೇ ಬರುತ್ತೇನೆ, ಸೈಕಲ್ ತಳ್ಳುತ್ತೇನೆ ಎಂದು ಇನ್ನೊಂದು ಕಾಲನ್ನೂ ನೆಲಕ್ಕೆ ಇಳಿಸಹೊರಟೆ.

"ಇಳಿಯುದು ಬೊತ್ತು," ಎಂದಳು.

ಪೆಡಲ್ ಮೇಲೆ ಕಾಲಿಟ್ಟು ಹೊರಟೆ. ಒಂದನೇ ಗೇರಿನಲ್ಲಿ ಸೈಕಲ್ ಎಷ್ಟು ನಿಧಾನ ಹೋಯಿತೆಂದರೆ, ಮೈಸೂರಿನ ಅಂಗಡಿಯವರ ಮಾತು ಅಕ್ಷರಶಃ ನಿಜವಾಯಿತು. ಹ್ಯಾಂಡಲು ಅತ್ತಿತ್ತ ಓಲಾಡಿತು. ಅವಳು ಪಕ್ಕದಲ್ಲಿ ನಡೆಯುತ್ತ ಹಿಂದಿನ ಕ್ಯಾರಿಯರಿನ ಮೇಲೆ ಒಂದು ಕೈ ಇಟ್ಟಳು, ಓಲಾಟ ನಿಂತಿತು. ಅವಳ ಹೆಜ್ಜೆ ಮತ್ತು ನನ್ನ ಚಕ್ರ ಒಂದೇ ಸಮ ಹೋಗತೊಡಗಿದವು.

"ಮಾತಾಡಿ," ಎಂದಳು.

ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದಲೇ ಮುಂದುವರಿಸಿದೆ: "…ತಾವು ಸಕುಟುಂಬ ಸಮೇತರಾಗಿ ಆಗಮಿಸಿ…"